ತಲೆಗೂ ಹೆಡ್‌ರೆಸ್ಟಿಗೂ ನಡುವೆ ನಾಲ್ಕು ಬೆರಳು

ಈ ಸಲ ಆಂಬಿ ವ್ಯಾಲಿ ಏರ್‌ಸ್ಟ್ರಿಪ್‌ನಲ್ಲಿ ಒಂದೇ ದಿನ ಹನ್ನೊಂದು ರನ್ ಹೊಡೆದೆ. ರನ್ ಅಂದರೆ ನಿಂತಲ್ಲಿಂದ ನೇರ ಪಟ್ಟಿಯಲ್ಲಿ ಪೂರ್ತಿ ಜೋರಾಗಿ ಗಾಡಿ ಓಡಿಸುವುದು. ಸಂಜೆ ಲೋಣಾವಳಕ್ಕೆ ಬಂದು ಎರಡು ವಡಾಪಾವ್ ತಿಂದೆ. ಪುಣೆವರೆಗೂ ನಾನೇ ಗಾಡಿ ಓಡಿಸಿದೆ. ತಲೆನೋವಿಲ್ಲ, ಕುತ್ತಿಗೆ ಹಿಡಿದಿಲ್ಲ. ಭೋಸರಿಯ ನಮ್ಮ ಗ್ಯಾರೇಜಿನಲ್ಲಿ ನನ್ನನ್ನು ನೋಡಿ ನಕ್ಕವರು ಬಹಳ ಜನ. ಅದರಲ್ಲಿ ನಿಪ್ಪಾಣಿಯ ಹುಡುಗನೊಬ್ಬ, "ಏನ್ರೀ ಅಣ್ಣಾರ, ಕುತ್ತಿಗಿ ಗಟ್ಟಿ ಮಾಡ್ಕೊಂಡ್ರ ಗಾಡಿ ಜೋರ್ ಓಡತದೇನು?" ಅಂತ ಕೇಳಿದ್ದ. ಈಗ ಅವನೇ ದಿನಾ ಬೆಳಿಗ್ಗೆ ಸೈಕಲ್ ಟ್ಯೂಬ್ ಎಳೆಯುತ್ತಾನೆ.

ನನ್ನ ಹಳೆಯ ಟರ್ಬೊ ಪೆಟ್ರೋಲ್ ಗಾಡಿಯಲ್ಲಿ ಈ ತೊಂದರೆ ಇರಲಿಲ್ಲ. ಗಂಟೆಗೆ ನೂರು ಕಿಲೋಮೀಟರ್ ಮುಟ್ಟೋಕೆ ಐದೂವರೆ ಸೆಕೆಂಡ್, ಅಂದರೆ ಸರಾಸರಿ ಅರ್ಧ ಜಿ. ಒಂದು ಜಿ ಅಂದರೆ ಭೂಮಿ ನಮ್ಮನ್ನು ಕೆಳಗೆ ಎಳೆಯುವಷ್ಟು ಜೋರು. ಟರ್ಬೊ ಎದ್ದೇಳುವಷ್ಟರಲ್ಲಿ ಮೈಗೆ ತಯಾರಾಗೋಕೆ ಸಮಯ ಸಿಗುತ್ತಿತ್ತು. ಆಮೇಲೆ ಗಿರಾಕಿಯೊಬ್ಬರ ಎಲೆಕ್ಟ್ರಿಕ್ ಕಾರು ಕೈಗೆ ಬಂತು. ನಾಲ್ಕು ಸೆಕೆಂಡಿಗಿಂತ ಕಡಿಮೆ. ಫೋನಿನ ಆಪ್‌ನಲ್ಲಿ ಶುರುವಿನಲ್ಲೇ 0.9 ಜಿ ಹತ್ತಿರ ತೋರಿಸಿತು. ಗೇರಿಲ್ಲ, ಸದ್ದಿಲ್ಲ, ಕಾಲಿಟ್ಟ ಕೂಡಲೇ ಪೂರ್ತಿ ಹೊಡೆತ. ಮೊದಲ ದಿನ ಮೂರೇ ರನ್. ಮಧ್ಯಾಹ್ನ ತಲೆ ಸಿಡಿಯುತ್ತಿತ್ತು. ಬೆಳಿಗ್ಗೆ ತಿಂದ ಮಿಸಳ್ ಗಂಟಲಲ್ಲೇ ನಿಂತಿತ್ತು.

ಆಗ ಮಾಡಿದ ದಂಡದ ಖರ್ಚು ಕೇಳಿ. ಫೈಟರ್ ಪೈಲಟ್‌ಗಳು ಕಾಲಿಗೆ ಬಿಗಿ ಸೂಟ್ ಹಾಕುತ್ತಾರಲ್ಲ, ಹಾಗೇ ಅಂತ ಬಿಗಿಯಾದ ಮೆಡಿಕಲ್ ಸಾಕ್ಸ್ ತಗೊಂಡೆ. 1,800 ರೂಪಾಯಿ. ಏನೂ ಆಗಲಿಲ್ಲ, ಕಾಲಿಗೆ ತುರಿಕೆ ಬಂತು ಅಷ್ಟೇ. ಪೈಲಟ್‌ಗೆ ಜೋರು ಬೀಳುವುದು ತಲೆಯಿಂದ ಕಾಲಿನ ಕಡೆಗೆ. ರಕ್ತ ಕೆಳಗಿಳಿಯುತ್ತೆ, ಕಣ್ಣು ಕತ್ತಲೆ ಬರುತ್ತೆ. ನಮಗೆ ಬೀಳುವುದು ಎದೆಯಿಂದ ಬೆನ್ನಿಗೆ. ಆ ದಿಕ್ಕಿನಲ್ಲಿ ಮೈ ಜಾಸ್ತಿ ತಡೆಯುತ್ತೆ. ಒಂದು ಜಿಗೆ ಯಾರೂ ಮೂರ್ಛೆ ಹೋಗಲ್ಲ. 2001ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಾರ್ಟ್ (CART) ಅನ್ನೋ ಕಾರ್ ರೇಸ್ ಸರಣಿಯ ಒಂದು ರೇಸನ್ನೇ ರದ್ದು ಮಾಡಿದರು. ಪಕ್ಕಕ್ಕೆ ವಾಲಿಸಿ ಕಟ್ಟಿದ ತಿರುವುಗಳಲ್ಲಿ ಐದು ಜಿ ಬಿದ್ದು ಡ್ರೈವರ್‌ಗಳಿಗೆ ತಲೆಸುತ್ತು ಬಂದಿತ್ತು. ಅದು ಬೇರೆ ಲೆಕ್ಕ, ನಮ್ಮ ನೇರ ಪಟ್ಟಿಯ ಲೆಕ್ಕವೇ ಬೇರೆ.

ಆಮೇಲೆ ಬಕೆಟ್ ಸೀಟ್. 38 ಸಾವಿರ ಕೊಟ್ಟು ತಂದೆ, 22ಕ್ಕೆ ಮಾರಿದೆ. ಹಿಂದಕ್ಕೆ ವಾಲಿದ ಸೀಟು, ನೋಡೋಕೆ ಚೆಂದ. ಆದರೆ ಹೆಲ್ಮೆಟ್ ಹಾಕಿ ಕೂತರೆ ರಸ್ತೆ ನೋಡೋಕೆ ಕುತ್ತಿಗೆ ಮುಂದಕ್ಕೆ ಚಾಚಬೇಕು. ಎಡವಟ್ಟು ಅಲ್ಲೇ ಇತ್ತು, ನನಗೆ ಕಾಣಲಿಲ್ಲ. ಫಿಸಿಯೋಗೆ ಎಂಟೋ ಒಂಬತ್ತೋ ಸಲ ಹೋದೆ, ಸಲಕ್ಕೆ 600. ಅವರು ಒಳ್ಳೆಯವರೇ, ಆದರೆ ನಾನು ಕಾರಲ್ಲಿ ಹೇಗೆ ಕೂರುತ್ತೇನೆ ಅಂತ ಕೇಳಲೇ ಇಲ್ಲ. ನಾನೂ ಹೇಳಲಿಲ್ಲ.

ಗೊತ್ತಾಗಿದ್ದು ಒಂದು ವಿಡಿಯೋದಿಂದ. ಪಕ್ಕದ ಸೀಟಿಗೆ ಫೋನ್ ಕಟ್ಟಿ ನಿಧಾನ ಗತಿಯಲ್ಲಿ ನೋಡಿದೆ. ಲಾಂಚಿಗೆ, ಅಂದರೆ ಗಾಡಿ ಹೊರಡುವುದಕ್ಕೆ, ಮುಂಚೆ ನನ್ನ ತಲೆಗೂ ಹೆಡ್‌ರೆಸ್ಟಿಗೂ ನಾಲ್ಕು ಬೆರಳು ಜಾಗ. ಕಾಲಿಟ್ಟ ಕೂಡಲೇ ಕಾರು ಮುಂದೆ ಹೋಯಿತು, ತಲೆ ಅಲ್ಲೇ ಉಳಿಯಿತು. ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಹೆಡ್‌ರೆಸ್ಟ್ ಬಂದು ಹಿಂದಲೆಗೆ ಬಡಿಯಿತು. ತಲೆ ಐದು ಕಿಲೋ, ಹೆಲ್ಮೆಟ್ ಒಂದೂವರೆ. ದಿನಕ್ಕೆ ಎಂಟು ಸಲ ಹೀಗೆ ಬಡಿಸಿಕೊಂಡರೆ ತಲೆನೋವು ಬರದೆ ಇರುತ್ತಾ? ನಾನು ಇಷ್ಟು ದಿನ ಜಿ ಲೆಕ್ಕ ಹಾಕುತ್ತಿದ್ದೆ. ಹೊಡೆಯುತ್ತಿದ್ದದ್ದು ಆ ನಾಲ್ಕು ಬೆರಳು.

ಈಗ ಮಾಡುವುದು ಇಷ್ಟೇ. ಬೆನ್ನು ನೆಟ್ಟಗೆ, ಸೊಂಟ ಸೀಟಿನ ಮೂಲೆಗೆ. ಬೆಲ್ಟಿನ ಕೆಳಪಟ್ಟಿ ಹೊಟ್ಟೆ ಮೇಲಲ್ಲ, ಸೊಂಟದ ಎಲುಬಿನ ಮೇಲೆ. ಕೌಂಟ್ ಶುರುವಾಗುವ ಮುಂಚೆ ತಲೆಯನ್ನು ಹೆಡ್‌ರೆಸ್ಟಿಗೆ ಒತ್ತಿ ಇಡುತ್ತೇನೆ. ಹಲ್ಲು ಕಚ್ಚಿ, ಅರ್ಧ ಉಸಿರು ಬಿಟ್ಟು, ಕಣ್ಣು ಪಟ್ಟಿಯ ತುದಿಗೆ. ಮೀಟರ್ ನೋಡುವುದೇ ಇಲ್ಲ. ಕೊನೆಯಲ್ಲಿ ಬ್ರೇಕ್ ಮೆತ್ತಗೆ. ಯಾಕಂದರೆ ಮುಂದಕ್ಕೆ ಬೀಳುವ ತಲೆಗೆ ಯಾವ ದಿಂಬೂ ಇಲ್ಲ, ಕುತ್ತಿಗೆಯೇ ಗತಿ.

ಅದಕ್ಕೇ ಸೈಕಲ್ ಟ್ಯೂಬ್. ಗೋಡೆಯ ಕೊಕ್ಕೆಗೆ ಕಟ್ಟಿ ಹಣೆಗೆ ಸುತ್ತಿ, ಅಲ್ಲಾಡದೆ ತಡೆದು ನಿಲ್ಲುವುದು, ಹತ್ತು ಸೆಕೆಂಡ್. ಮೊದಲು ಪೊಗರಿನಿಂದ ದಪ್ಪ ಟ್ಯೂಬ್ ಹಾಕಿ ನಾಲ್ಕು ದಿನ ಕುತ್ತಿಗೆ ತಿರುಗಲಿಲ್ಲ. ರಿವರ್ಸ್ ತೆಗೆಯೋಕೆ ಇಡೀ ಮೈ ತಿರುಗಿಸುತ್ತಿದ್ದೆ. ತೆಳು ಟ್ಯೂಬಿನಿಂದ ಶುರು ಮಾಡಿ. ಆರೇಳು ವಾರದಲ್ಲಿ ಫರಕು ಗೊತ್ತಾಗುತ್ತೆ. ರನ್ನಿನ ಟೈಮೂ ಸುಮಾರು 0.15 ಸೆಕೆಂಡ್ ಇಳಿಯಿತು. ಮೈ ಹಿಂದೆ ಜಾರದಿದ್ದರೆ ಕಾಲು ಪೆಡಲ್ ಬಿಡಲ್ಲ ನೋಡಿ. ಟೈರಿನ ಗಾಳಿ ಎಷ್ಟಿಟ್ಟೆ, ರನ್ನಿಗೆ ಮುಂಚೆ ಏನು ತಿಂದೆ, ಅದು ಮಾತ್ರ ಕೇಳಬೇಡಿ.

ಸುಮ್ನೆ ಒಂದು ಪ್ರಯೋಗ ಮಾಡಿದೆ. ಶನಿವಾರ ಹೆಂಡತಿ ಕಟ್ಟುವ ನಿಂಬೆಹಣ್ಣು ಮೆಣಸಿನಕಾಯಿಯನ್ನು ಬಂಪರಿನಿಂದ ಬಿಚ್ಚಿ ಒಳಗೆ ಕನ್ನಡಿಗೆ ಕಟ್ಟಿದೆ. ಒಂದು ಜಿ ಬಂದರೆ ದಾರ 45 ಡಿಗ್ರಿ ವಾಲಬೇಕು. ಮೊದಲು ಒಂದು ಜೋಲಿ ಹೊಡೆದು ಜಾಸ್ತಿ ಹೋಯಿತು, ಆಮೇಲೆ ಸುಮಾರು 40ರಲ್ಲಿ ನಿಂತಿತು. ಆಪ್ ಸುಳ್ಳು ಹೇಳಿರಲಿಲ್ಲ. ಅದೇ ದಿನ ಭಾವಮೈದುನನನ್ನು ಕಣ್ಣು ಕಟ್ಟಿ ಪಕ್ಕದಲ್ಲಿ ಕೂರಿಸಿದೆ. "ಮಾವಾ, ಗಾಡಿ ಘಾಟ್ ಏರಾಕತ್ತದ!" ಅಂತ ಕೂಗಿದ. ನೆಲ ಸಪಾಟು. ಕಣ್ಣಿಲ್ಲದಿದ್ದರೆ ಮೈಯ ಸಮತೋಲ ಹೇಳುವ ಕಿವಿಯೊಳಗಿನ ಪುಟ್ಟ ಕಲ್ಲುಗಳಿಗೆ ವೇಗ ಏರುವುದೂ ಒಂದೇ, ತಲೆ ಹಿಂದಕ್ಕೆ ವಾಲುವುದೂ ಒಂದೇ. ರಾತ್ರಿ ಹಡಗಿನಿಂದ ಹಾರುವ ಪೈಲಟ್‌ಗಳಿಗೂ ಇದೇ ಮೋಸ ಆಗುತ್ತೆ.

ಪಕ್ಕದಲ್ಲಿ ಕೂತವರ ಹೊಟ್ಟೆ ತೊಳಸುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ಓಡಿಸುವವನಿಗೆ ಕಾಲು ಯಾವಾಗ ಇಳಿಯುತ್ತೆ ಗೊತ್ತು, ಅವರಿಗೆ ಗೊತ್ತಿಲ್ಲ. ಮೂರು, ಎರಡು, ಒಂದು ಅಂತ ಜೋರಾಗಿ ಎಣಿಸಿದರೆ ಭಾವಮೈದುನನಿಗೆ ಸರಿಹೋಯಿತು. ಹೆಂಡತಿಯನ್ನೂ ಕರೆದೆ. "ಮದ್ಲ ಒಳಗಿನ ಆ ನಿಂಬಿಹಣ್ಣು ತಗೀರಿ, ಕೊಳತು ನಾರಾಕತ್ತದ" ಅಂದಳು.