ಮೊದಲು ಮಾರಾಟ, ಆಮೇಲೆ ಪಾಠ: ನನ್ನ ಅನುಭವ

ಹುಡುಗಿಯರಿಗೆ ಸಣ್ಣ ವ್ಯಾಪಾರ ಕಲಿಸುವ ಕೆಲಸ ನನ್ನದು. 16-17 ವರ್ಷದವರ ಕೈಗೆ ಮೊದಲ ವಾರವೇ ಬಂಡವಾಳದ ದುಡ್ಡು ಕೊಡುತ್ತೇನೆ ಅಂದಾಗ, ಜೊತೆಯಲ್ಲಿ ಕೆಲಸ ಮಾಡುವವರೇ ಬೇಡ ಅಂದರು. "ಮನೆಯವರು ಕಿತ್ಕೊಳ್ತಾರೆ" ಅನ್ನೋದು ಅವರ ವಾದ. ಈಗ ಆ ತಂಡದ 24 ಜನರಲ್ಲಿ ಸುಮಾರು 17 ಜನ ಆರು ತಿಂಗಳಾದ ಮೇಲೂ ವ್ಯಾಪಾರ ಮಾಡುತ್ತಿದ್ದಾರೆ.

ಅದಕ್ಕೂ ಮೊದಲು ಮೂರು ಸಲ ಸೋತಿದ್ದೆ. ಮೊದಲ ತಂಡಕ್ಕೆ 12 ತರಗತಿ ಮಾಡಿದೆ. ಬಿಸಿನೆಸ್ ಪ್ಲಾನ್ ಚೆಂದ ಬರೆದರು, ವ್ಯಾಪಾರ ಯಾರೂ ಶುರು ಮಾಡಲಿಲ್ಲ. ಎರಡನೇ ತಂಡಕ್ಕೆ ಹೊಲಿಗೆ ಯಂತ್ರ ಪುಕ್ಕಟೆ ಕೊಟ್ಟೆವು. ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ಮೂರು ತಿಂಗಳು ಬಿಟ್ಟು ಹೋಗಿ ನೋಡಿದರೆ ಯಂತ್ರಗಳ ಮೇಲೆ ಬಟ್ಟೆ ಹೊದಿಸಿಟ್ಟಿದ್ದರು. ಹೊಲಿಯಲು ಬರುತ್ತಿತ್ತು, ಬೆಲೆ ಹೇಳಲು ಬರುತ್ತಿರಲಿಲ್ಲ. ಮೂರನೇ ಸಲ ಸಾಲ ಕೊಟ್ಟೆ. ಮೂರರಲ್ಲಿ ಒಂದು ಪಾಲು ವಾಪಸ್ ಬರಲಿಲ್ಲ. ಕೆಲವು ಹುಡುಗಿಯರು ನನ್ನನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಹಣ ಹೋದದ್ದಕ್ಕಿಂತ ಅದೇ ಜಾಸ್ತಿ ನೋವು ಕೊಟ್ಟಿತು.

ನಾಲ್ಕನೇ ಸಲ ಸಾಲ ಬಿಟ್ಟೆ. ಇಬ್ಬರಿಗೆ ಸೇರಿ 5 ಬಟ್ಟೆ ಚೀಲಕ್ಕೆ ಆಗುವಷ್ಟು ಬಂಡವಾಳ ಕೊಟ್ಟು, ವಾರದೊಳಗೆ ಮಾರಿ ಬನ್ನಿ ಅಂದೆ. ಸುಮ್ನೆ ಬಿದ್ದಿದ್ದ ಆ ಹಳೇ ಯಂತ್ರಗಳನ್ನೇ ಕೇಳಿ ಪಡೆದು ಹೊಲಿದರು. ಕೊಟ್ಟ ಬಂಡವಾಳವೆಲ್ಲ ಸೇರಿದರೂ ಎರಡು ಯಂತ್ರದ ಬೆಲೆ ದಾಟಲಿಲ್ಲ.

ಒಬ್ಬಳು ಬೆಲೆ ಹೇಳಿದ ತಕ್ಷಣ, ಎದುರಿನವರು ಬಾಯಿ ಬಿಡುವ ಮೊದಲೇ, "ಬೇಕಾದ್ರೆ ಕಮ್ಮಿ ಮಾಡ್ತೀನಿ" ಅಂದುಬಿಟ್ಟಳು. ಬೆಲೆ ಹೇಳಿ ಮನಸ್ಸಲ್ಲೇ ಐದು ಎಣಿಸು, ಅಲ್ಲಿಯವರೆಗೆ ಮಾತಾಡಬೇಡ ಅಂದೆ. ಎರಡು ದಿನ ಇದೊಂದನ್ನೇ ಅಭ್ಯಾಸ ಮಾಡಿಸಿದೆ. ಮುಂದಿನ ಸಲ ಅವಳು ಬೆನ್ನ ಹಿಂದೆ ಬೆರಳು ಮಡಚುತ್ತಾ ನಿಂತಿದ್ದಳು. ನಾಲ್ಕನೇ ಬೆರಳಿಗೆ ದುಡ್ಡು ಬಂತು.

ಲೆಕ್ಕಕ್ಕೆ ಎರಡು ಪರ್ಸ್: ಒಂದು ವ್ಯಾಪಾರದ್ದು, ಒಂದು ಸ್ವಂತದ್ದು. ಡೊಮಿನಿಕನ್ ರಿಪಬ್ಲಿಕ್‌ನ ಸಣ್ಣ ವ್ಯಾಪಾರಿಗಳ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಪೂರ್ತಿ ಅಕೌಂಟಿಂಗ್ ಪಾಠಕ್ಕಿಂತ ಇಂಥ ಸರಳ ನಿಯಮಗಳೇ ಕೆಲಸ ಮಾಡಿದ್ದವು. ಮನೆಗೆ ತುರ್ತಿದ್ದರೆ ವ್ಯಾಪಾರದ ಪರ್ಸ್‌ನಿಂದ ತೆಗೆಯಬಹುದು. ಆದರೆ ಯಾರಿಗೆ, ಎಷ್ಟು, ಯಾವಾಗ ವಾಪಸ್ ಅಂತ ಚೀಟಿ ಬರೆದು ಒಳಗಿಡಬೇಕು. ಒಬ್ಬಳ ಅಣ್ಣ ತನ್ನ ಹೆಸರಿನ ಚೀಟಿ ನೋಡಿ, ಮರುವಾರ ತಾನಾಗೇ ಹಣ ತಂದಿಟ್ಟ. ಕಿತ್ಕೊಳ್ತಾರೆ ಅಂದವರಿಗೆ ಆ ಚೀಟಿಯನ್ನೇ ತೋರಿಸಿದೆ.

ನಡುವೆ ವಾಯ್ಸ್ ಮೆಸೇಜ್‌ನಲ್ಲಿ ಲೆಕ್ಕ ಕಳಿಸುವುದನ್ನೂ ಮಾಡಿ ನೋಡಿದೆ. ಕೈಮಗು ಇದ್ದ ಇಬ್ಬರಿಗೆ ತುಂಬಾ ಹಿಡಿಸಿತು. ಆದರೆ ಎಲ್ಲ ಕೇಳಿ ಕೂಡಿಸಲು ನನಗೆ ದಿನಾ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಈಗ ಆ ಇಬ್ಬರಿಗೆ ಮಾತ್ರ ಉಳಿಸಿಕೊಂಡಿದ್ದೇನೆ.

ಯಂತ್ರ ಮುಚ್ಚಿಟ್ಟಿದ್ದ ಹಳೇ ತಂಡದಲ್ಲಿ ಮೂವರು ಈಗ ಚೀಲಕ್ಕಿಷ್ಟು ಅಂತ ಹೊಲಿಗೆ ಕೂಲಿ ತೆಗೆದುಕೊಳ್ಳುತ್ತಾರೆ. ಬೆಲೆ ಹೇಳಿ ಸುಮ್ಮನಿರುವುದನ್ನು ಅವರಿಗೆ ಕಲಿಸಿದ್ದು ಈ ಹುಡುಗಿಯರೇ.