ಸೋಲುತ್ತಲೇ ಇರುವ ಎನ್‌ಬಿಎ ತಂಡದ ಜೊತೆ 82 ಪಂದ್ಯ ಉಳಿಯುವುದು ಹೇಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ಸೀಸನ್‌ಗೆ 82 ಪಂದ್ಯ. ನವೆಂಬರ್ ಮುಗಿಯುವ ಹೊತ್ತಿಗೆ ನಿಮ್ಮ ತಂಡ 4 ಗೆದ್ದು 15 ಸೋತಿದೆ ಎಂದುಕೊಳ್ಳಿ. ಇನ್ನೂ 63 ಪಂದ್ಯ ಬಾಕಿ ಇವೆ. ಏಪ್ರಿಲ್ ಮಧ್ಯದವರೆಗೆ ವಾರಕ್ಕೆ ಮೂರ್ನಾಲ್ಕು ಸಲ, ಒಂದೊಂದು ಸಲಕ್ಕೂ ಎರಡೂಕಾಲು ಗಂಟೆ ಕೂತು ನೋಡಬೇಕು. ಸಿಟ್ಟು ಬರುವುದು ಸಹಜ, ಬರಲೂಬೇಕು. ಆದರೆ ಯಾವ ಬಗೆಯ ಸೋಲು ಇದು ಅನ್ನುವುದು ಗೊತ್ತಿಲ್ಲದೆ ಹೋದರೆ ಸಿಟ್ಟು ದಿನಕ್ಕೊಬ್ಬರ ಮೇಲೆ ಹರಿಯುತ್ತದೆ: ಇವತ್ತು ಕೋಚ್, ನಾಳೆ ಹತ್ತೊಂಬತ್ತರ ಹುಡುಗ, ನಾಡಿದ್ದು ರೆಫರಿ. ಹಾಗಾಗಿ ಸೋಲನ್ನು ಎಣಿಸುವ ಮೊದಲು ಅದರ ಬಗೆ ಗುರುತಿಸಿ.

ಮೊದಲು ತಂಡದ ಖಾತೆ ಬರೆಯಿರಿ

ಒಂದು ಹಾಳೆ ಸಾಕು. ಮೊದಲನೆಯದಾಗಿ ಮುಂದಿನ 7 ವರ್ಷಗಳ ಮೊದಲ ಸುತ್ತಿನ ಡ್ರಾಫ್ಟ್ ಪಿಕ್‌ಗಳು (ಪ್ರತಿ ವರ್ಷ ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಹಕ್ಕು): ಯಾವುದು ಸ್ವಂತದ್ದು, ಯಾವುದು ಬೇರೆ ತಂಡದ ಪಾಲಾಗಿದೆ, ಯಾವುದರ ಮೇಲೆ ಬೇರೆ ತಂಡಕ್ಕೆ ಅದಲುಬದಲಿನ ಹಕ್ಕು (ತನ್ನ ಪಿಕ್ ಕೊಟ್ಟು ನಿಮ್ಮ ಉತ್ತಮ ಪಿಕ್ ತೆಗೆದುಕೊಳ್ಳುವ ಹಕ್ಕು) ಇದೆ. ಏಳೇ ವರ್ಷ ಏಕೆಂದರೆ ಅದಕ್ಕಿಂತ ಮುಂದಿನ ಪಿಕ್ ವ್ಯಾಪಾರ ಮಾಡಲು ಲೀಗ್ ಬಿಡುವುದಿಲ್ಲ. ಮುಂದಿನ ಎರಡು ವರ್ಷ ಸತತವಾಗಿ ಮೊದಲ ಸುತ್ತಿನ ಪಿಕ್ ಇಲ್ಲದಂತೆ ಕೊಟ್ಟುಬಿಡುವ ಹಾಗೂ ಇಲ್ಲ. ಅದಕ್ಕೇ ದೊಡ್ಡ ಟ್ರೇಡ್‌ಗಳಲ್ಲಿ (ತಂಡಗಳ ನಡುವಿನ ಆಟಗಾರರ ವಿನಿಮಯದಲ್ಲಿ) ವರ್ಷ ಬಿಟ್ಟು ವರ್ಷದ ಪಿಕ್ ಹೋಗುತ್ತದೆ, ನಡುವಿನ ವರ್ಷಕ್ಕೆ ಅದಲುಬದಲು ಹಕ್ಕು ಕಾಣಿಸುತ್ತದೆ.

ಅದರ ಪಕ್ಕದಲ್ಲಿ ಹೆಚ್ಚು ನಿಮಿಷ ಆಡುವ ಎಂಟು ಜನರ ವಯಸ್ಸು, ಅವರ ಒಪ್ಪಂದ ಮುಗಿಯುವ ವರ್ಷ, ಕೊನೆಗೆ ಕಳೆದ 20 ಪಂದ್ಯಗಳ ಸರಾಸರಿ ಅಂಕ ವ್ಯತ್ಯಾಸ ಬರೆಯಿರಿ. ಈ ಕೊನೆಯ ಅಂಕಿ ಗೆಲುವು–ಸೋಲಿಗಿಂತ ನಿಜ ಹೇಳುತ್ತದೆ. ಸೊನ್ನೆ ವ್ಯತ್ಯಾಸದ ತಂಡ 41 ಗೆಲ್ಲುತ್ತದೆ. ಒಂದೊಂದು ಅಂಕ ಇಳಿದಂತೆ ಸೀಸನ್‌ಗೆ ಸುಮಾರು ಎರಡೂವರೆ ಗೆಲುವು ಇಳಿಯುತ್ತದೆ. ಪಂದ್ಯಕ್ಕೆ 6 ಅಂಕದಿಂದ ಹಿಂದಿರುವ ತಂಡ 26ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ನಿಮ್ಮದು 4–15 ಇದ್ದೂ ವ್ಯತ್ಯಾಸ ಮೈನಸ್ 3 ಮಾತ್ರ ಇದ್ದರೆ, ಕೈತಪ್ಪಿದ ಹತ್ತಿರದ ಪಂದ್ಯಗಳೇ ಹೆಚ್ಚು. ಜನವರಿಯಲ್ಲಿ ಚೇತರಿಕೆ ನಿರೀಕ್ಷಿಸಬಹುದು. ಮೈನಸ್ 10 ಇದ್ದರೆ ನಿರೀಕ್ಷಿಸಬೇಡಿ.

ಹಾಳೆ ತುಂಬಿದ ಮೇಲೆ ಬಗೆ ತಾನಾಗಿ ಕಾಣುತ್ತದೆ.

ಪಿಕ್‌ಗಳು ರಾಶಿ ಇವೆ, ಹುಡುಗರ ವಯಸ್ಸು 19ರಿಂದ 23, ದೊಡ್ಡ ಒಪ್ಪಂದಗಳು ಬೇಗ ಮುಗಿಯುತ್ತವೆ: ಇದು ಬೇಕೆಂದೇ ಕಟ್ಟುತ್ತಿರುವ ತಂಡ. ಒಕ್ಲಹೋಮಾ ಸಿಟಿ ಥಂಡರ್ 2020–21ರಲ್ಲಿ 22–50, ಮರುವರ್ಷ 24–58. ಆಮೇಲೆ 40, 57, ಕೊನೆಗೆ 2024–25ರಲ್ಲಿ 68 ಗೆಲುವು ಮತ್ತು ಪ್ರಶಸ್ತಿ. ಅದರ ಬೀಜ ಬಿದ್ದದ್ದು 2019ರಲ್ಲಿ, ಪಾಲ್ ಜಾರ್ಜ್‌ನನ್ನು ಕೊಟ್ಟು ಶಾಯ್ ಗಿಲ್ಜಸ್-ಅಲೆಕ್ಸಾಂಡರ್ ಜೊತೆಗೆ ಪಿಕ್‌ಗಳ ಮೂಟೆಯನ್ನೇ ತಂದಾಗ. ಹಾಗೆ ಬಂದ ಒಂದು ಪಿಕ್‌ನಲ್ಲೇ 2022ರಲ್ಲಿ 12ನೆಯವನಾಗಿ ಜೇಲನ್ ವಿಲಿಯಮ್ಸ್ ಸಿಕ್ಕಿದ್ದು.

ಪಿಕ್‌ಗಳಿಲ್ಲ, ವಯಸ್ಸಾಗಿದೆ, ಸೋಲೂ ಇದೆ: ಇದು ಸಾಲ ತೀರಿಸುವ ತಂಡ. 2013ರಲ್ಲಿ ಬ್ರೂಕ್ಲಿನ್ ನೆಟ್ಸ್ ಕೆವಿನ್ ಗಾರ್ನೆಟ್, ಪಾಲ್ ಪಿಯರ್ಸ್‌ಗಾಗಿ 2014, 2016, 2018ರ ಪಿಕ್‌ಗಳನ್ನೂ 2017ರ ಅದಲುಬದಲು ಹಕ್ಕನ್ನೂ ಬಾಸ್ಟನ್‌ಗೆ ಕೊಟ್ಟಿತು. 2016–17ರಲ್ಲಿ ನೆಟ್ಸ್ 20–62, ಲೀಗ್‌ನಲ್ಲೇ ಕೊನೆ. ಆ ಸೋಲಿನ ಫಲ ಉಂಡದ್ದು ಬಾಸ್ಟನ್. ಜೇಲನ್ ಬ್ರೌನ್, ಜೇಸನ್ ಟೇಟಮ್ ಇಬ್ಬರೂ ಆ ದಾರಿಯಿಂದಲೇ ಬಂದವರು. ಇಂಥ ತಂಡದ ಅಭಿಮಾನಿಗೆ ಸೋಲಿನಲ್ಲಿ ಯಾವ ಸಮಾಧಾನವೂ ಇಲ್ಲ. ಪ್ರತಿ ಗೆಲುವಿಗೂ ಧೈರ್ಯವಾಗಿ ಕುಣಿಯಿರಿ, ಕಳೆದುಕೊಳ್ಳಲು ಏನೂ ಉಳಿದಿಲ್ಲ.

ಮೂರನೆಯದು ಅಡ್ಡಗೋಡೆ ಮೇಲಿನ ದೀಪ. 35ರಿಂದ 39 ಗೆಲುವು, ಪ್ಲೇ-ಇನ್‌ನ (ಪ್ರಶಸ್ತಿ ಸುತ್ತಾದ ಪ್ಲೇಆಫ್‌ಗೆ ಕೊನೆಯ ಅವಕಾಶ ಕೊಡುವ ಪಂದ್ಯಗಳ) 9ನೇ ಅಥವಾ 10ನೇ ಸ್ಥಾನ, ಮುಖ್ಯ ಆಟಗಾರರೆಲ್ಲ ಮೂವತ್ತರ ಹತ್ತಿರ. ನಮ್ಮ ಮಟ್ಟಿಗೆ ಎಲ್ಲಕ್ಕಿಂತ ನೋವಿನ ಬಗೆ ಇದೇ, ಏಕೆಂದರೆ ಆಸೆಯೂ ಪೂರ್ತಿ ಸಾಯುವುದಿಲ್ಲ, ಕಟ್ಟುವ ಕೆಲಸವೂ ಶುರುವಾಗುವುದಿಲ್ಲ. ಇಂಥ ತಂಡದಲ್ಲಿ ಪ್ರಶ್ನೆ ಕೇಳಬೇಕಾದ್ದು ಆಟಗಾರರನ್ನಲ್ಲ, ಜನರಲ್ ಮ್ಯಾನೇಜರ್‌ನನ್ನು. ಫೆಬ್ರವರಿಯ ಟ್ರೇಡ್ ಗಡುವಿಗೆ ಮೊದಲು.

ಲಾಟರಿಯನ್ನು ನಂಬಿ ಸೋಲನ್ನು ಹಾರೈಸಬೇಡಿ

ಪ್ಲೇಆಫ್ ಕೈತಪ್ಪಿದ 14 ತಂಡಗಳಿಗೆ ಲಾಟರಿ, ಡ್ರಾಫ್ಟ್‌ನಲ್ಲಿ ಯಾರು ಮೊದಲು ಆರಿಸಬೇಕು ಎಂದು ತೀರ್ಮಾನಿಸಲು. ಯಂತ್ರದಲ್ಲಿ 1ರಿಂದ 14ರವರೆಗೆ ಸಂಖ್ಯೆ ಇರುವ ಚೆಂಡುಗಳು, ಅವುಗಳಲ್ಲಿ ನಾಲ್ಕನ್ನು ಎತ್ತುತ್ತಾರೆ. ನಾಲ್ಕರ ಜೋಡಣೆ ಒಟ್ಟು 1,001. ಒಂದನ್ನು ಬಿಟ್ಟು 1,000ವನ್ನು ತಂಡಗಳಿಗೆ ಹಂಚುತ್ತಾರೆ. 2019ರಲ್ಲಿ ಬಂದ ಲೆಕ್ಕದಲ್ಲಿ ಕೊನೆಯ ಮೂರು ತಂಡಗಳಿಗೂ 140 ಜೋಡಣೆ, ಅಂದರೆ ತಲಾ ಶೇ. 14. ಅದಕ್ಕೂ ಮೊದಲು ಕೊನೆಯ ತಂಡವೊಂದಕ್ಕೇ ಶೇ. 25 ಇತ್ತು. ಲಾಟರಿಯಲ್ಲಿ ತೀರ್ಮಾನವಾಗುವುದು ಮೊದಲ ನಾಲ್ಕು ಸ್ಥಾನ ಮಾತ್ರ, ಉಳಿದವು ಸೋಲಿನ ಕ್ರಮದಲ್ಲಿ ಬರುತ್ತವೆ. ಹಾಗಾಗಿ ಕೊನೆಯ ಸ್ಥಾನದ ತಂಡ 5ಕ್ಕಿಂತ ಕೆಳಗೆ ಜಾರುವುದಿಲ್ಲ, ಆದರೆ 5ಕ್ಕೆ ಜಾರುವ ಸಂಭವವೇ ಶೇ. 47.9. ಲೀಗ್ ಈ ನಿಯಮವನ್ನು ಆಗಾಗ ತಿದ್ದುತ್ತದೆ, ಪ್ರತಿ ಅಕ್ಟೋಬರ್‌ನಲ್ಲಿ ಹೊಸದಾಗಿ ಓದಿಕೊಳ್ಳಿ.

ಡೆಟ್ರಾಯಿಟ್ ಪಿಸ್ಟನ್ಸ್ 2023ರಲ್ಲಿ 17–65, 2024ರಲ್ಲಿ 14–68, ಎರಡು ವರ್ಷವೂ ಲೀಗ್‌ನ ಕೊನೆ ಸ್ಥಾನ. ಎರಡು ಸಲವೂ ಸಿಕ್ಕಿದ್ದು 5ನೇ ಪಿಕ್. 2025ರಲ್ಲಿ 17–65ರ ಯೂಟಾ ಜಾಜ್‌ಗೂ 5ನೆಯದೇ. ಮೊದಲ ಪಿಕ್ ಹೋದದ್ದು ಶೇ. 1.8 ಸಂಭವ ಇದ್ದ ಡಲ್ಲಾಸ್‌ಗೆ. ಪಿಕ್ ಸಿಕ್ಕಮೇಲೂ ಆರಿಸುವ ಕಣ್ಣು ಬೇಕು: 2018ರಲ್ಲಿ 2ನೇ ಪಿಕ್ ಇದ್ದ ಸ್ಯಾಕ್ರಮೆಂಟೊ, ಮೂರನೆಯವನಾಗಿ ಹೋದ ಲೂಕಾ ಡಾಂಚಿಚ್‌ನನ್ನು ಬಿಟ್ಟುಕೊಟ್ಟಿತು. ಆ ತಂಡ 2006–07ರಿಂದ 16 ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ.

ಒಂದೇ ಒಂದು ಸಂದರ್ಭದಲ್ಲಿ ಮಾರ್ಚ್‌ನ ಗೆಲುವಿಗೆ ಹೆದರಬೇಕು. ನಿಮ್ಮ ಪಿಕ್ ‘ಟಾಪ್-10 ಪ್ರೊಟೆಕ್ಟೆಡ್’ ಆಗಿದ್ದರೆ, 1ರಿಂದ 10ರೊಳಗೆ ಬಂದಾಗ ಮಾತ್ರ ಅದು ನಿಮ್ಮದು, 11ಕ್ಕೆ ಜಾರಿದರೆ ಬೇರೆಯವರದು. ತಂಡ ಆ ಗೆರೆಯ ಮೇಲೆ ನಿಂತಿದ್ದರೆ ಎರಡು ಗೆಲುವಿನ ಬೆಲೆ ಒಬ್ಬ ಆಟಗಾರ. ಬೇರೆಲ್ಲ ಸಮಯದಲ್ಲಿ ನಿಮ್ಮ ಹುಡುಗರು ಗೆದ್ದಾಗ ಬೇಸರಪಟ್ಟುಕೊಳ್ಳುವ ಅಭ್ಯಾಸ ಬೆಳೆಸಿಕೊಳ್ಳಬೇಡಿ. ಗೆಲ್ಲುವುದನ್ನು ಕಲಿಯುವುದೂ ಅವರ ಕೆಲಸವೇ.

ಪಂದ್ಯ ನೋಡುವಾಗ ಕಣ್ಣು ಎಲ್ಲಿರಬೇಕು

ಚೆಂಡಿನ ಹಿಂದೆಯೇ ಕಣ್ಣು ಓಡಿದರೆ ತಪ್ಪು ಮಾಡಿದವನು ಕಾಣುವುದಿಲ್ಲ. ಕೆಟ್ಟ ತಂಡಗಳು ದಿನವೂ ಕೊಡುವ ಒಂದು ಬಾಸ್ಕೆಟ್ ತೆಗೆದುಕೊಳ್ಳಿ. ಎದುರಾಳಿ ಗಾರ್ಡ್ ಚೆಂಡು ಹಿಡಿದು ಮೇಲಿನಿಂದ ಬರುತ್ತಾನೆ, ಅವರ ಸೆಂಟರ್ ಬಂದು ಸ್ಕ್ರೀನ್ ನಿಲ್ಲುತ್ತಾನೆ, ಅಂದರೆ ನಿಮ್ಮ ಗಾರ್ಡ್‌ನ ದಾರಿಗೆ ಅಡ್ಡ ನಿಲ್ಲುತ್ತಾನೆ. ನಿಮ್ಮ ಗಾರ್ಡ್ ಆ ಸ್ಕ್ರೀನ್‌ಗೆ ಎದೆ ಕೊಟ್ಟು ಎರಡು ಹೆಜ್ಜೆ ಹಿಂದೆ ಬೀಳುತ್ತಾನೆ. ಈಗ ನಿಮ್ಮ ಸೆಂಟರ್ ಒಬ್ಬನೇ ಇಬ್ಬರನ್ನು ತಡೆಯಬೇಕು: ಚೆಂಡು ಹಿಡಿದವನನ್ನೂ, ರಿಮ್ (ಬುಟ್ಟಿ) ಕಡೆ ಉರುಳಿ ಬರುವವನನ್ನೂ. ಆಗ ಆಚೆ ಬದಿಯ ಮೂಲೆಯಲ್ಲಿದ್ದ ನಿಮ್ಮ ಫಾರ್ವರ್ಡ್ ಒಳಗೆ ಬಂದು ಉರುಳಿ ಬರುವವನಿಗೆ ಮೈ ಕೊಡಬೇಕಾಗುತ್ತದೆ. ಅವನು ಬಂದ ಕ್ಷಣವೇ ಚೆಂಡು ಖಾಲಿ ಮೂಲೆಗೆ ಹಾರುತ್ತದೆ. ಮೂಲೆಯಲ್ಲಿ ಮೂರಂಕದ ಗೆರೆ 22 ಅಡಿ, ಮೇಲ್ಗಡೆ 23 ಅಡಿ 9 ಅಂಗುಲ. ಅದಕ್ಕೇ ಎಲ್ಲ ತಂಡವೂ ಆ ಮೂಲೆಯನ್ನು ಹುಡುಕುತ್ತದೆ. ಫಾರ್ವರ್ಡ್ ಕೈ ಎತ್ತಿಕೊಂಡು ಓಡಿ ತಲುಪುವಷ್ಟರಲ್ಲಿ ಮೂರು ಅಂಕ ಹೋಗಿರುತ್ತದೆ.

ಕ್ಯಾಮೆರಾ ತೋರಿಸುವುದು ಆ ಫಾರ್ವರ್ಡ್‌ನ ಮುಖವನ್ನು, ಬೈಗುಳ ಬೀಳುವುದೂ ಅವನಿಗೇ. ಆರು ಸೆಕೆಂಡ್ ಹಿಂದಕ್ಕೆ ಹೋಗಿ ನೋಡಿ, ತಪ್ಪು ಹುಟ್ಟಿದ್ದು ಸ್ಕ್ರೀನ್ ಹತ್ತಿರ. ಫಾರ್ವರ್ಡ್ ಬಾರದೇ ಇದ್ದಿದ್ದರೆ ಮೂರರ ಬದಲು ಡಂಕ್, ಅಂದರೆ ಬುಟ್ಟಿಗೇ ತುರುಕಿದ ಎರಡಂಕ. ಇದೇ ತಪ್ಪು ಒಂದು ರಾತ್ರಿಯಲ್ಲಿ ಹತ್ತು ಸಲ, ಹತ್ತು ಪಂದ್ಯದಲ್ಲೂ ಅದೇ ಗಾರ್ಡ್‌ನಿಂದ ಬಂದರೆ ಅದು ಆಟಗಾರನ ಕೊರತೆ. ಯಾವ ಗಾರ್ಡ್ ಇದ್ದರೂ ಬರುತ್ತಿದ್ದರೆ, ಎದುರಾಳಿ ಬದಲಾದರೂ ಸೆಂಟರ್ ಅದೇ ಜಾಗದಲ್ಲಿ ನಿಲ್ಲುತ್ತಿದ್ದರೆ, ಆಗ ಕೋಚ್‌ನನ್ನು ಕೇಳಿ.

ಪಂದ್ಯ ಮುಗಿದ ಮೇಲೆ ಬಾಕ್ಸ್ ಸ್ಕೋರ್‌ನಿಂದ (ಪಂದ್ಯದ ಅಂಕಿಪಟ್ಟಿಯಿಂದ) ಹತ್ತು ನಿಮಿಷದಲ್ಲಿ ಮಾಡಬಹುದಾದ ಲೆಕ್ಕ ಇದು. ಎಸೆತಗಳ ಸಂಖ್ಯೆಗೆ ಫ್ರೀ ಥ್ರೋಗಳ (ಫೌಲ್‌ಗೆ ಸಿಗುವ ತಡೆಯಿಲ್ಲದ ಎಸೆತಗಳ) 0.44 ಪಾಲು ಸೇರಿಸಿ, ಆಫೆನ್ಸಿವ್ ರಿಬೌಂಡ್ (ತಪ್ಪಿದ ತಮ್ಮದೇ ಎಸೆತವನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್ (ಎಸೆಯದೆ ಚೆಂಡು ಕಳೆದುಕೊಂಡದ್ದು) ಕೂಡಿ. ಬರುವುದು ಪೊಸೆಷನ್, ಅಂದರೆ ಚೆಂಡು ತಂಡದ ಕೈಯಲ್ಲಿದ್ದ ಸರದಿಗಳ ಲೆಕ್ಕ. 88 ಎಸೆತ, 22 ಫ್ರೀ ಥ್ರೋ, 10 ಆಫೆನ್ಸಿವ್ ರಿಬೌಂಡ್, 15 ಟರ್ನೋವರ್ ಇದ್ದರೆ ಸುಮಾರು 103 ಪೊಸೆಷನ್. 108 ಅಂಕ ಗಳಿಸಿದ್ದರೆ ನೂರು ಪೊಸೆಷನ್‌ಗೆ 105. ಎದುರಾಳಿ 118 ಗಳಿಸಿದ್ದರೆ 115ರ ಹತ್ತಿರ. ವೇಗವಾಗಿ ಆಡುವ ತಂಡ 120 ಅಂಕ ಬಿಟ್ಟುಕೊಟ್ಟಿತು ಎಂದು ಡಿಫೆನ್ಸ್ ಬೈಯುವ ಮೊದಲು ಈ ಭಾಗಾಕಾರ ಆಗಬೇಕು.

ಆಮೇಲೆ ನಾಲ್ಕು ಸಂಗತಿ ನೋಡಿ: ಎಸೆತದ ಗುಣ, ಟರ್ನೋವರ್, ಆಫೆನ್ಸಿವ್ ರಿಬೌಂಡ್, ಫ್ರೀ ಥ್ರೋ. ತೂಕವೂ ಇದೇ ಕ್ರಮದಲ್ಲಿ ಇಳಿಯುತ್ತದೆ. ಎಸೆತದ ಗುಣ ಅಳೆಯುವಾಗ ಪ್ರತಿ ಮೂರಂಕಕ್ಕೂ ಅರ್ಧ ಬಾಸ್ಕೆಟ್ ಹೆಚ್ಚುವರಿ ಕೊಡಿ. ಎರಡೂ ತಂಡ 88ಕ್ಕೆ 40 ಹಾಕಿವೆ, ನಿಮ್ಮದರಲ್ಲಿ ಮೂರಂಕದವು 10, ಅವರದರಲ್ಲಿ 16. ನಿಮ್ಮದು ಶೇ. 51, ಅವರದು ಶೇ. 54.5. ಆರು ಅಂಕದ ಸೋಲು ಅಲ್ಲಿಯೇ ಇದೆ.

ಎದುರಾಳಿಯ ಮೂರಂಕದ ಶೇಕಡಾವಾರಿನಲ್ಲಿ ಅದೃಷ್ಟದ ಪಾಲು ದೊಡ್ಡದು. ಲೀಗ್ ಸರಾಸರಿ ಶೇ. 36ರ ಹತ್ತಿರ, 40 ಎಸೆದು 18 ಹಾಕಿದರೆ ಸರಾಸರಿಗಿಂತ ಸುಮಾರು 11 ಅಂಕ ಹೆಚ್ಚು. ಅದಕ್ಕೆ ನಿಮ್ಮ ಡಿಫೆನ್ಸ್ ಪೂರ್ತಿ ಹೊಣೆಯಲ್ಲ. ಆದರೆ 40 ಎಸೆಯಲು ಬಿಟ್ಟದ್ದಕ್ಕೆ ಹೊಣೆ. ಹಾಕಿದ್ದನ್ನು ಬಿಟ್ಟು ಎಸೆದದ್ದನ್ನು ಎಣಿಸಿ. ಒಂದು ಪಂದ್ಯದ ಪ್ಲಸ್-ಮೈನಸ್ (ಆಟಗಾರ ಅಂಗಳದಲ್ಲಿದ್ದಾಗಿನ ಅಂಕ ವ್ಯತ್ಯಾಸ) ನೋಡಿ ಯಾರ ಹಣೆಬರಹವನ್ನೂ ಬರೆಯಬೇಡಿ, ಕನಿಷ್ಠ 20 ಪಂದ್ಯ ಬೇಕು.

ನಾಲ್ಕನೇ ಕ್ವಾರ್ಟರ್‌ನಲ್ಲಿ ಕುಸಿಯುವುದು ಎಳೆಯ ತಂಡದ ಖಾಯಂ ರೋಗ. 2023ರ ಡಿಸೆಂಬರ್ 28ರಂದು ಪಿಸ್ಟನ್ಸ್ ಬಾಸ್ಟನ್‌ನಲ್ಲಿ ಮೊದಲಾರ್ಧದಲ್ಲಿ ದೊಡ್ಡ ಮುನ್ನಡೆ ಪಡೆದೂ ಓವರ್‌ಟೈಮ್‌ನಲ್ಲಿ ಸೋತಿತು. ಅದು ಸತತ 28ನೇ ಸೋಲು. ಆ ಹೊತ್ತಿನಲ್ಲಿ ಶಾಟ್ ಕ್ಲಾಕ್ (ಎಸೆಯಲು ಉಳಿದ ಸಮಯದ ಗಡಿಯಾರ) ಮೇಲೆ ಕಣ್ಣಿಡಿ. 24 ಸೆಕೆಂಡ್‌ನಲ್ಲಿ ಮೊದಲ ಪಾಸ್ 12ರ ಹೊತ್ತಿಗೆ ಬರುತ್ತಿದ್ದರೆ ಉಳಿಯುವುದು ಒಬ್ಬನೇ ಡ್ರಿಬಲ್ ಮಾಡಿ ಎಸೆಯುವ ಕಷ್ಟದ ಎಸೆತ. ಟೈಮ್‌ಔಟ್ ಮುಗಿದ ಕೂಡಲೇ ಬರುವ ಪೊಸೆಷನ್‌ಗಳನ್ನು ಮಾತ್ರ ಬೇರೆ ಎಣಿಸಿ. ಕೋಚ್‌ನ ಕೆಲಸ ಅಷ್ಟು ಚೊಕ್ಕವಾಗಿ ಬೇರೆಲ್ಲೂ ಕಾಣುವುದಿಲ್ಲ.

ಅದೇ ಪಿಸ್ಟನ್ಸ್ ಮರುವರ್ಷ 44–38ಕ್ಕೆ ಏರಿತು. ಕೋಚ್ ಮತ್ತು ಆಡಳಿತ ಬದಲಾದವು ನಿಜ, ಆದರೆ ಮುಖ್ಯ ಗಾರ್ಡ್ ಕೇಡ್ ಕನಿಂಗ್‌ಹ್ಯಾಮ್ ಅವನೇ. ಬದಲಾದ ಇನ್ನೊಂದು ಸಂಗತಿ ಅವನ ಸುತ್ತ ದೂರದಿಂದ ಎಸೆಯಬಲ್ಲ ಮಾಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್, ಟೊಬಾಯಸ್ ಹ್ಯಾರಿಸ್ ಬಂದು ನಿಂತದ್ದು. ಎಸೆಯಲು ಬಾರದ ಇಬ್ಬರ ನಡುವೆ ಒಬ್ಬ ಗಾರ್ಡ್‌ನನ್ನು ಆಡಿಸಿ, ಅವನಿಗೆ ದಾರಿಯೇ ಇಲ್ಲದಂತೆ ಮಾಡಿ, ಟರ್ನೋವರ್ ಜಾಸ್ತಿ ಎಂದು ದೂರುವುದು ಅನ್ಯಾಯ.

ಯಾವ ಪಂದ್ಯ ಬಿಡಬಹುದು

82ನ್ನೂ ನೋಡಬೇಕೆಂಬ ಹಟ ಬೇಡ. ಎರಡು ದಿನ ಸತತವಾಗಿ ಆಡುವ ಜೋಡಿಯಲ್ಲಿ ಪರ ಊರಿನ ಎರಡನೇ ಪಂದ್ಯ ಬಿಟ್ಟರೆ ನಷ್ಟವಿಲ್ಲ. ಕಾಲು ಸೋತಿರುತ್ತದೆ, ಹಿರಿಯರನ್ನು ಕೂರಿಸಿರುತ್ತಾರೆ. ಟ್ರೇಡ್ ಗಡುವಿನ ನಂತರದ ಹತ್ತು ಪಂದ್ಯ ಮಾತ್ರ ಬಿಡಬೇಡಿ. ಹೊಸಬರು ಬಂದಿರುತ್ತಾರೆ, ಎಳೆಯರ ನಿಮಿಷ ಹೆಚ್ಚುತ್ತದೆ, ತಂಡದ ನಿಜವಾದ ಉದ್ದೇಶ ಬಯಲಾಗುತ್ತದೆ. ಟೂ-ವೇ ಒಪ್ಪಂದದ (ಎನ್‌ಬಿಎ ತಂಡ, ಅದರ ಕಿರಿಯ ಲೀಗ್ ತಂಡ ಎರಡಕ್ಕೂ ಆಡುವ) ಮೂವರೂ ಆಗ ಅಂಗಳಕ್ಕೆ ಇಳಿಯುತ್ತಾರೆ. ಮಾರ್ಚ್ ಕೊನೆಯ ಅಂಕಿಗಳಿಗೆ ಮರುಳಾಗಬೇಡಿ: ಸೋಲಲು ಹೊರಟ ಎರಡು ತಂಡಗಳ ನಡುವೆ 30 ಅಂಕ ಹೊಡೆದ ಹುಡುಗ, ಪ್ಲೇಆಫ್ ತಂಡದ ಎದುರು ಎಷ್ಟು ಹೊಡೆದ ಎಂದು ಬೇರೆ ಬರೆದಿಡಿ.

ಸೋತ ರಾತ್ರಿ ಆಟಗಾರನ ಸಾಮಾಜಿಕ ಜಾಲತಾಣದ ಖಾತೆಗೆ ಹೋಗಿ ಬೈಯಬೇಡಿ. ನಿಮ್ಮ ತಂಡದ ಮೇಲೆ ಬೆಟ್ ಕಟ್ಟಲೂ ಬೇಡಿ. ಹಣ ಸೇರಿದ ಕೂಡಲೇ ಆಟ ನೋಡುವ ಕಣ್ಣು ಕೆಡುತ್ತದೆ.

ಜುಲೈನಲ್ಲಿ ಲಾಸ್ ವೇಗಸ್‌ನ ಸಮ್ಮರ್ ಲೀಗ್, ಅಂದರೆ ಹೊಸ ಎಳೆಯ ಆಟಗಾರರ ಪಂದ್ಯಾವಳಿ, ಬರುತ್ತದೆ. ಅಲ್ಲಿ ಕ್ವಾರ್ಟರ್‌ಗೆ 10 ನಿಮಿಷ, ಒಬ್ಬನಿಗೆ 10 ಫೌಲ್‌ವರೆಗೆ ಅವಕಾಶ. ನಾಲ್ಕೈದು ಪಂದ್ಯದ ಮೂರಂಕದ ಶೇಕಡಾವಾರಿಗೆ ಬೆಲೆ ಇಲ್ಲ. ಫ್ರೀ ಥ್ರೋ ಹೇಗೆ ಎಸೆಯುತ್ತಾನೆ, ಇಬ್ಬರು ಮೈಮೇಲೆ ಬಂದಾಗ ಚೆಂಡನ್ನು ಎಲ್ಲಿಗೆ ಕಳಿಸುತ್ತಾನೆ, ಚೆಂಡು ಕಳೆದುಕೊಂಡ ಮೇಲೆ ಹಿಂದಕ್ಕೆ ಓಡುತ್ತಾನೋ ನಿಲ್ಲುತ್ತಾನೋ, ಇಷ್ಟು ನೋಡಿ. ಮೊದಲ ಸುತ್ತಿನ ಹುಡುಗನ ಒಪ್ಪಂದ 4 ವರ್ಷದ್ದು, ಅದರಲ್ಲಿ 3 ಮತ್ತು 4ನೇ ವರ್ಷ ತಂಡದ ಇಚ್ಛೆಗೆ ಬಿಟ್ಟದ್ದು. ಆ ವರ್ಷಗಳನ್ನು ತಂಡ ಉಳಿಸಿಕೊಂಡಿತೋ ಕೈಬಿಟ್ಟಿತೋ ಎಂಬುದು ಅಕ್ಟೋಬರ್ 31ರೊಳಗೆ ತಿಳಿಯುತ್ತದೆ. ಅದನ್ನೂ ಹಾಳೆಯಲ್ಲಿ ಹುಡುಗನ ಹೆಸರಿನ ಮುಂದೆ ಬರೆದು, ಪಿಕ್‌ಗಳ ಪಟ್ಟಿಗೆ ಇನ್ನೊಂದು ವರ್ಷ ಸೇರಿಸಿ.