ಫ್ರೀವೀಲ್ ತೆಗೆದ ಮೇಲೆ ಮಗಳು ಪೆಡಲ್ ತುಳಿದಳು

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ. ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲಾರಿ ಓಡಾಟ ಇರಲಿಲ್ಲ. ನನ್ನ ಮಗಳು ನಾನು ಮಾಡಿಕೊಟ್ಟ ಮೂರು ಚಕ್ರದ ಸೈಕಲ್ಲಿನಲ್ಲಿ ನಮ್ಮ ಶೆಡ್ಡಿನಿಂದ ಮೂಲೆಯ ಟ್ರಾನ್ಸ್‌ಫಾರ್ಮರ್‌ವರೆಗೆ ತಾನೇ ತುಳಿದುಕೊಂಡು ಹೋದಳು. ಇನ್ನೂರು ಮೀಟರ್ ಇರಬಹುದು. ನಾನು ಪಕ್ಕದಲ್ಲಿ ಓಡುತ್ತಿದ್ದೆ, ಹಿಂದಿನ ಹ್ಯಾಂಡಲ್ ಮುಟ್ಟಲಿಲ್ಲ. "ಅಪ್ಪ, ಬೇಗ ಓಡು" ಅಂದಳು.

ಅವಳಿಗೆ ಒಂಬತ್ತು ವರ್ಷ. ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಸ್ನಾಯು ಹತೋಟಿಗೆ ಬರುವುದಿಲ್ಲ; ಎರಡೂ ಕಾಲು ಬಿಗಿ. ನಿಂತರೆ ಮಂಡಿ ಒಂದಕ್ಕೊಂದು ತಾಗುತ್ತದೆ, ಹಿಮ್ಮಡಿ ನೆಲಕ್ಕೆ ಊರುವುದಿಲ್ಲ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾಳೆ. ನಾನು ತುಮಕೂರಿನಲ್ಲಿ ಲೇತ್ ಇಟ್ಟುಕೊಂಡಿದ್ದೇನೆ, ಇಪ್ಪತ್ತು ವರ್ಷದ ಮೇಲಾಯಿತು. ಇಂಥ ಮಗು ಮನೆಯಲ್ಲಿರುವವರಿಗೆ, ವೆಲ್ಡಿಂಗ್ ಕೆಲಸ ಗೊತ್ತಿರುವವರಿಗೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ವಿವರ ನಿಮಗೆ ಗೊತ್ತೇ ಇರುತ್ತದೆ.

ಆಗಲ್ಲ ಅಂದವರೇ ಜಾಸ್ತಿ. ಥೆರಪಿ ಮಾಡುತ್ತಿದ್ದ ಒಬ್ಬ ಮೇಡಂ, "ಸರ್, ಮೊದಲು ನಿಲ್ಲೋದು ಬರಲಿ, ಸೈಕಲ್ ಆಮೇಲೆ" ಅಂದರು. ನನ್ನ ಭಾಮೈದ, "ಭಾವ, ಸುಮ್ನೆ ದುಡ್ಡು ಹಾಳು ಮಾಡ್ತಿದ್ದೀರ, ಬ್ಯಾಟರಿ ಗಾಡಿ ತಗೊಳ್ಳಿ" ಅಂದ. ಶಿಬಿರಗಳಲ್ಲಿ ಕೊಡುವ ಕೈಯಲ್ಲಿ ಸುತ್ತಿಸಿ ಓಡಿಸುವ ಗಾಡಿ ಇದೆಯಲ್ಲ, ಅದು ತೋಳಲ್ಲಿ ಬಲ ಇರುವ ದೊಡ್ಡವರಿಗೆ ಒಳ್ಳೆಯದು. ನನಗೆ ಬೇಕಾಗಿದ್ದದ್ದು ಅವಳ ಕಾಲು ಆಡುವುದು. ಹೊರದೇಶದ ಗಾಡಿ ಕೇಳಿದೆ, ಒಂದು ಲಕ್ಷದ ಮೇಲೆ ಹೇಳಿದರು. ಅಲ್ಲಿಗೆ ಅದನ್ನು ಬಿಟ್ಟೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. 16 ಇಂಚಿನ ಸೈಕಲ್ಲಿಗೆ ಪಕ್ಕದ ಚಕ್ರ ಹಾಕಿಸಿದೆ. ಆ ಚಕ್ರಗಳು ನೆಲದಿಂದ ಒಂದಿಷ್ಟು ಮೇಲಿರುತ್ತವೆ, ಗಾಡಿ ಅತ್ತ ಇತ್ತ ವಾಲುತ್ತದೆ. ವಾಲಿದ ತಕ್ಷಣ ಅವಳಿಗೆ ಹೆದರಿಕೆ, ಹೆದರಿದ ತಕ್ಷಣ ಮೈಯೆಲ್ಲ ಸೆಟೆಯುತ್ತಿತ್ತು. ಕಾಲು ಕತ್ತರಿಯ ಹಾಗೆ ಒಂದರ ಮೇಲೊಂದು ಬೀಳುತ್ತಿತ್ತು. ಆಮೇಲೆ ಬೆಂಗಳೂರಿನಿಂದ ರೆಡಿಮೇಡ್ ಮೂರು ಚಕ್ರದ್ದು ತಂದೆ, ನಾಲ್ಕೂವರೆ ಸಾವಿರ. ಹಿಂದಿನ ಎರಡು ಚಕ್ರದ ನಡುವೆ 16 ಇಂಚು ಅಗಲ, ಸೀಟು ಮಾತ್ರ ಎತ್ತರ. ತಿರುವಿನಲ್ಲಿ ಮಗುಚಿತು. ಅವಳ ಮೊಣಕೈ ತರಚಿ ರಕ್ತ ಬಂತು. ನನ್ನ ಹೆಂಡತಿ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳು ಮಾಡಿದ್ದು ಸರಿ.

ಆಮೇಲೆ ನಾನೇ ಫ್ರೇಮ್ ಕಟ್ಟಿದೆ. ಅಗಲ 28 ಇಂಚು, ಯಾಕೆಂದರೆ ನಮ್ಮ ಮನೆ ಬಾಗಿಲು 30. ಸೀಟು ನೆಲದಿಂದ ಒಂದಡಿ ಚಿಲ್ಲರೆ. ಮಗಳನ್ನು ಕೂರಿಸುವ ಮೊದಲು ಅವಳ ತೂಕದಷ್ಟು ರಾಗಿ ಮೂಟೆ ಕಟ್ಟಿ, ಹತ್ತಾರು ಸಲ ಜೋರಾಗಿ ತಳ್ಳಿ ತಿರುಗಿಸಿದೆ. ಮಗುಚಲಿಲ್ಲ. ಹಿಂದೆ 20 ಎಂಎಂ ಶಾಫ್ಟ್, ಯುಸಿಪಿ 204 ಬೇರಿಂಗ್ ಎರಡು. ಎರಡೂ ಚಕ್ರವನ್ನು ಶಾಫ್ಟಿಗೆ ಬಿಗಿ ಮಾಡಿದೆ. ಅದು ದೊಡ್ಡ ತಪ್ಪು. ಗಾಡಿ ನೇರ ಹೋಗುತ್ತದೆ, ತಿರುಗುವುದೇ ಇಲ್ಲ, ಟೈರು ನೆಲಕ್ಕೆ ಉಜ್ಜುತ್ತದೆ. ಒಂದು ಚಕ್ರಕ್ಕೆ ಮಾತ್ರ ಕೀ, ಅಂದರೆ ಚಕ್ರವನ್ನು ಶಾಫ್ಟಿಗೆ ಬಿಗಿಯುವ ಬೆಣೆ ಹಾಕಬೇಕು, ಇನ್ನೊಂದು ಬೇರಿಂಗ್ ಮೇಲೆ ಸಡಿಲವಾಗಿ ಉರುಳಬೇಕು. ನಾನು ಎಡ ಚಕ್ರಕ್ಕೆ ಕೀ ಹಾಕಿದೆ. ರಸ್ತೆ ಎಡ ಅಂಚಿಗೆ ಇಳಿಜಾರು ಇರುತ್ತದಲ್ವಾ, ಗಾಡಿ ಆ ಕಡೆ ಜಾರುತ್ತದೆ. ಎಡ ಚಕ್ರ ತಳ್ಳಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ಎರಡೂ ಸೇರಿ ಹೆಚ್ಚುಕಡಿಮೆ ನೇರ ಆಯಿತು. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ.

ಗಾಡಿ ಸರಿಯಾಯಿತು, ಮಗಳು ಮಾತ್ರ ತುಳಿಯಲಿಲ್ಲ. ಎರಡು ತಿಂಗಳು ನಾನು ತಳ್ಳಿದ್ದೇ ಆಯಿತು. ಬಲ ಸಾಲದು ಅಂದುಕೊಂಡಿದ್ದೆ. ಒಂದು ದಿನ ಪಕ್ಕದಲ್ಲಿ ಕೂತು ಅವಳ ಮಂಡಿಯನ್ನೇ ನೋಡಿದೆ. ಪೆಡಲ್ ಮೇಲಕ್ಕೆ ಬಂದಾಗ ಮಂಡಿ ಹೊಟ್ಟೆಯ ಹತ್ತಿರ ಬರುತ್ತಿತ್ತು. ಅಷ್ಟು ಮಡಚಿದ ಕಾಲನ್ನು ನೂಕಲು ಅವಳಿಂದ ಆಗುತ್ತಿರಲಿಲ್ಲ. ಕ್ರ್ಯಾಂಕ್, ಅಂದರೆ ಪೆಡಲ್ ಕೂರುವ ತೋಳು, ನಾಲ್ಕೂವರೆ ಇಂಚು ಇತ್ತು. ಮೂರು ಇಂಚಿಗೆ ಹೊಸ ತೂತು ಹೊಡೆದೆ. ಎಡಗಡೆ ಪೆಡಲಿಗೆ ಎಡಮರೆ ಬೇಕು, ಅಂದರೆ ಎಡಕ್ಕೆ ತಿರುಗಿಸಿದರೆ ಬಿಗಿಯಾಗುವ ತಿರುಪು. ಆ ಮರೆ ಕೊರೆಯುವ ಟ್ಯಾಪ್ ನನ್ನ ಹತ್ತಿರ ಇರಲಿಲ್ಲ. ಆಗುತ್ತದೆ ಬಿಡು ಅಂತ ಎರಡೂ ಕಡೆ ಬಲಮರೆಯನ್ನೇ ಹೊಡೆದೆ. ಮೂರನೇ ದಿನ ಎಡ ಪೆಡಲ್ ತಾನೇ ಬಿಚ್ಚಿಕೊಂಡು ಕೆಳಗೆ ಬಿತ್ತು. ಕೊನೆಗೆ ಬೆಂಗಳೂರಿನ ಎಸ್‌ಜೆಪಿ ರಸ್ತೆಗೆ ಹೋಗಿ ಟ್ಯಾಪ್ ತಂದೆ. ಬಸ್ ಚಾರ್ಜ್ ಸೇರಿ ಐನೂರು ಚಿಲ್ಲರೆ ಆಯಿತು. ಅದನ್ನು ಮೊದಲೇ ತರಬೇಕಿತ್ತು.

ಎಲ್ಲಕ್ಕಿಂತ ಮುಖ್ಯ ಫ್ರೀವೀಲ್, ಅಂದರೆ ಹಿಂದೆ ಚೈನ್ ಕೂರುವ, ಒಂದೇ ದಿಕ್ಕಿಗೆ ಹಿಡಿಯುವ ಹಲ್ಲುಚಕ್ರ. ಫ್ರೀವೀಲ್ ಇದ್ದರೆ ಗಾಡಿ ತಳ್ಳಿದಾಗ ಚಕ್ರ ಉರುಳುತ್ತದೆ, ಪೆಡಲ್ ಸುಮ್ಮನೆ ನಿಂತಿರುತ್ತದೆ. ಕಾಲಿಗೆ ಸುತ್ತುವುದು ಅಂದರೇನು ಅಂತ ಗೊತ್ತಾಗುವುದು ಹೇಗೆ? ಫ್ರೀವೀಲ್ ಇಲ್ಲದಿದ್ದರೆ ನಾನು ತಳ್ಳಿದಷ್ಟೂ ಅವಳ ಕಾಲು ಸುತ್ತುತ್ತದೆ. ಮೊದಲು ಫ್ರೀವೀಲ್‌ಗೇ ವೆಲ್ಡಿಂಗ್ ಹೊಡೆದು ಬಿಗಿ ಮಾಡಿದೆ. ಬಿಸಿಗೆ ಸೊಟ್ಟಗಾಯಿತು, ಚೈನ್ ಒಂದು ಕಡೆ ಬಿಗಿ ಒಂದು ಕಡೆ ಸಡಿಲ, ಪದೇಪದೇ ಕಳಚುತ್ತಿತ್ತು. ಅದನ್ನು ಬಿಸಾಕಿ, ಲೇತಿನಲ್ಲಿ ಬಾಸ್, ಅಂದರೆ ಶಾಫ್ಟಿನ ಮೇಲೆ ಕೂರುವ ದಪ್ಪ ಬಳೆ, ಕಡೆದು ಅದರ ಮೇಲೆ ಹಲ್ಲುಚಕ್ರ ಕೂರಿಸಿದೆ. ಮುಂದೆ 28 ಹಲ್ಲು, ಹಿಂದೆ 22. ನನ್ನ ಕೈಕೆಲಸ ಅಂತ ಹೇಳುತ್ತಿಲ್ಲ, ಆ ಚೈನ್ ಇವತ್ತಿನವರೆಗೆ ಒಂದು ಸಲವೂ ಕಳಚಿಲ್ಲ.

ಒಂದು ಎಚ್ಚರಿಕೆ. ಇಂಥ ಗಾಡಿ ಇಳಿಜಾರಿನಲ್ಲಿ ಓಡಿದರೆ ಪೆಡಲ್ ಕಾಲನ್ನು ಎಳೆದುಕೊಂಡು ಸುತ್ತುತ್ತದೆ, ಕಾಲು ಪಟ್ಟಿಯಲ್ಲಿ ಕಟ್ಟಿರುತ್ತದೆ. ಅದಕ್ಕೇ ಹಿಂದಿನ ಹ್ಯಾಂಡಲಿಗೆ ನನ್ನ ಕೈಗೆ ಸಿಗುವ ಬ್ರೇಕ್ ಹಾಕಿದ್ದೇನೆ. ಸಮತಟ್ಟು ರಸ್ತೆ ಬಿಟ್ಟು ಬೇರೆ ಕಡೆ ಒಯ್ಯುವುದಿಲ್ಲ. ಇನ್ನೊಂದು ಮಾತು, ಗಾಡಿ ಶುರು ಮಾಡುವ ಮೊದಲು ಸೊಂಟದ ಎಕ್ಸ್‌ರೇ ತೆಗೆಸಿ ಮೂಳೆ ಡಾಕ್ಟರಿಗೆ ತೋರಿಸಿದ್ದೆ. ಈ ಮಕ್ಕಳಲ್ಲಿ ತೊಡೆಯ ಮೂಳೆ ಗುಳಿಯಿಂದ ಜಾರುವುದುಂಟು. ಅದನ್ನು ನೋಡದೆ ಯಾರೂ ಮುಟ್ಟಬೇಡಿ.

ಪೆಡಲ್ ಮೇಲೆ ಪ್ಲೈವುಡ್ ಪಾದದ ಹಲಗೆ, ಹಿಮ್ಮಡಿಗೆ ಬಟ್ಟಲು, ವೆಲ್ಕ್ರೋ ಪಟ್ಟಿ. ಪೆಡಲಿನ ಕಡ್ಡಿ ಬೆರಳಿನ ಬುಡಕ್ಕಲ್ಲ, ಪಾದದ ನಡುವಿಗೆ ಬರಬೇಕು. ಬೆರಳಿನ ಕಡೆಯಿಂದ ಒತ್ತಿದರೆ ಮೀನಖಂಡ ಸೆಟೆದು ಹಿಮ್ಮಡಿ ಮೇಲೇಳುತ್ತದೆ. ಹಲಗೆ ಸುತ್ತಿನುದ್ದಕ್ಕೂ ಮಟ್ಟವಾಗಿ ಇರಲು ಅಡಿಯಲ್ಲಿ ತೂಕ ಕಟ್ಟಿದ್ದೇನೆ. ಎಷ್ಟು ತೂಕ, ಎಲ್ಲಿ, ಪಟ್ಟಿ ಯಾವ ಕೋನದಲ್ಲಿ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ನನಗೆ ಆರು ವಾರ ಹಿಡಿಯಿತು. ಮಗುವನ್ನು ಕರೆದುಕೊಂಡು ಬಂದವರಿಗೆ ಮುಂದೆ ಕೂತು ತೋರಿಸುತ್ತೇನೆ.

ಸೀಟು ಹಳೆಯ ಪ್ಲಾಸ್ಟಿಕ್ ಕುರ್ಚಿ ಕತ್ತರಿಸಿದ್ದು. ಮೊದಲು ಸ್ಪಂಜ್ ಹಾಕಿದೆ, ಎರಡೇ ತಿಂಗಳಲ್ಲಿ ಕುಸಿಯಿತು. ಆಮೇಲೆ ತೆಂಗಿನ ನಾರಿನ ಮೆತ್ತೆ ಹೊಲಿಸಿದೆ. ನಮ್ಮ ಜಿಲ್ಲೆಯಲ್ಲಿ ನಾರಿಗೇನು ಬರ? ಗಾಳಿ ಆಡುತ್ತದೆ, ಬೆವರು ನಿಲ್ಲುವುದಿಲ್ಲ. ಗುಜರಿಯಲ್ಲಿ ಸಿಕ್ಕ ಕಾರಿನ ಸೀಟ್ ಬೆಲ್ಟನ್ನು ಮೊದಲು ಹೊಟ್ಟೆಗೆ ಅಡ್ಡ ಕಟ್ಟಿದ್ದೆ. ಅವಳು ಅಡಿಯಿಂದ ಜಾರುತ್ತಿದ್ದಳು. ತೊಡೆಯ ಸಂದಿನಿಂದ ಹಿಂದಕ್ಕೆ ಕೆಳಗೆ ಎಳೆದು ಕಟ್ಟಿದ ಮೇಲೆ ಸೊಂಟ ಕದಲಲಿಲ್ಲ. ಮಂಡಿ ತಾಗದಂತೆ ಸೀಟಿನ ಮುಂದೆ ಒಂದು ಸಣ್ಣ ಗುಬುಟು ಇದೆ. ಪೆಡಲನ್ನೂ ಆ ಕಡೆ ಈ ಕಡೆ ಅರ್ಧ ಇಂಚು ಹೊರಗೆ ಸರಿಸಿದೆ.

ನಡುವೆ ಬೇರೆ ಪ್ರಯೋಗವೂ ಮಾಡಿದೆ. ಎರಡು ಪೆಡಲನ್ನೂ ಒಂದೇ ಕಡೆ ಇಟ್ಟು ನೋಡಿದೆ, ಎರಡು ಕಾಲಲ್ಲಿ ಒಟ್ಟಿಗೆ ನೂಕಲಿ ಅಂತ. ನೂಕಿದಳು, ಚೆನ್ನಾಗಿಯೇ ನೂಕಿದಳು, ಆದರೆ ತುದಿಗೆ ಬಂದಾಗ ಗಾಡಿ ನಿಂತುಬಿಡುತ್ತಿತ್ತು. ವಾಪಸ್ ಎದುರುಬದುರು ಮಾಡಿದೆ. ಅವಳನ್ನು ಕೂರಿಸಿ, ಸ್ಪ್ರಿಂಗ್ ತಕ್ಕಡಿಯಿಂದ ಗಾಡಿ ಎಳೆದು ನೋಡಿದೆ. ಕದಲಿಸಲು ಮೂರು ಕಿಲೋ ಹತ್ತಿರ ಎಳೆತ ಬೇಕಾಗುತ್ತಿತ್ತು. ಬೇರಿಂಗ್ ಮಟ್ಟ ಮಾಡಿ, ಟೈರಿಗೆ ಗಾಳಿ ತುಂಬಿಸಿದ ಮೇಲೆ ಒಂದೂವರೆಗೆ ಇಳಿಯಿತು. ನಮಗೆ ಅದು ಏನೂ ಅಲ್ಲ. ಅವಳಿಗೆ ಅದು ದೊಡ್ಡ ವ್ಯತ್ಯಾಸ.

ಕಲಿಸಿದ್ದು ಹೀಗೆ. ಮೊದಲು ಮನೆಯಲ್ಲೇ ಫ್ರೇಮಿನ ಹಿಂಭಾಗದ ಕೆಳಗೆ ಇಟ್ಟಿಗೆ ಕೊಟ್ಟು ಹಿಂದಿನ ಚಕ್ರ ನೆಲದಿಂದ ಎತ್ತಿ, ಪೆಡಲನ್ನು ಕೈಯಲ್ಲಿ ನಿಧಾನ ಸುತ್ತಿಸುತ್ತಿದ್ದೆ. ದಿನಾ ಹದಿನೈದು ನಿಮಿಷ, ಬಿಸಿನೀರಿನ ಸ್ನಾನ ಆದ ಮೇಲೆ. ಚಳಿಗಾಲದಲ್ಲಿ ಸ್ನಾನ ಇಲ್ಲದೆ ಕೂರಿಸಿದರೆ ಕಾಲು ಕೊರಡಾಗಿರುತ್ತಿತ್ತು. ಆಮೇಲೆ ರಸ್ತೆಯಲ್ಲಿ ತಳ್ಳಿದೆ. ಕೈಯಲ್ಲಿ ಗಮನ ಇಟ್ಟಿರಬೇಕು. ಸುಮಾರು ನಲವತ್ತನೇ ದಿನ ಹ್ಯಾಂಡಲ್ ನನ್ನ ಕೈಯಿಂದ ಒಂದು ಕ್ಷಣ ಮುಂದಕ್ಕೆ ಹೋಯಿತು. ಅವಳ ಎಡಗಾಲು ತಳ್ಳಿತ್ತು. ಬಲಗಾಲಿಗೆ ಇನ್ನೂ ಎರಡು ತಿಂಗಳು ಬೇಕಾಯಿತು. ಎಡಗಾಲು ತಳ್ಳಿದ ಆ ದಿನ ನಾನು ರಸ್ತೆಯಲ್ಲೇ ಕೂತುಬಿಟ್ಟೆ.

ಒಟ್ಟು ಖರ್ಚು ಹದಿನೈದು ಸಾವಿರದ ಒಳಗೆ. ಅದರಲ್ಲಿ ಏಳು ಸಾವಿರ ದಂಡ, ಹಳೆಯ ಎರಡು ಸೈಕಲ್ಲು ಮತ್ತು ಹಾಳಾದ ಸಾಮಾನು. ಮೊದಲೇ ಗೊತ್ತಿದ್ದರೆ ಎಂಟಕ್ಕೆ ಮುಗಿಯುತ್ತಿತ್ತು. ನನ್ನ ಕೂಲಿ ಲೆಕ್ಕ ಹಾಕಿಲ್ಲ. ಇಂಥ ಮಕ್ಕಳಿಗೆ ಇರುವ ಸರ್ಕಾರದ ನಿರಾಮಯ ಆರೋಗ್ಯ ವಿಮೆ ಥೆರಪಿ ಖರ್ಚಿಗೆ ಸ್ವಲ್ಪ ಆಯಿತು, ಗಾಡಿಗೆ ನಮ್ಮದೇ ದುಡ್ಡು. ಆ ಥೆರಪಿ ಮೇಡಂ ಬಂದು ನೋಡಿ, ಪಾದದ ಹಲಗೆಯ ಅಳತೆ ಬರೆದುಕೊಂಡು ಹೋದರು. ಭಾಮೈದನೇ ಈಗ ಭಾನುವಾರ ತಳ್ಳಲು ಬರುತ್ತಾನೆ, ತಳ್ಳುವ ಕೆಲಸ ಅವನಿಗೆ ಸಿಗುವುದಿಲ್ಲ.

ಮಗಳು ಈ ವರ್ಷ ಎರಡು ಇಂಚು ಬೆಳೆದಿದ್ದಾಳೆ, ಮಂಡಿ ಹ್ಯಾಂಡಲಿಗೆ ತಾಗಲು ಶುರುವಾಗಿದೆ. ಹೊಸ ಫ್ರೇಮಿಗೆ ಪೈಪ್ ಕತ್ತರಿಸಿ ಇಟ್ಟಿದ್ದೇನೆ. ಈ ಸಲ ಸೀಟು ಹಿಂದೆ ಮುಂದೆ ಜರುಗುವ ಹಾಗೆ ಮಾಡುತ್ತೇನೆ. ಯಾರಾದರೂ ಮಗುವನ್ನು ಕರೆದುಕೊಂಡು ಬರುವುದಾದರೆ ಕಾಲಿಗೆ ಹಾಕುವ ಸ್ಪ್ಲಿಂಟ್ ತಪ್ಪದೆ ತನ್ನಿ. ಅದನ್ನು ಹಾಕಿಕೊಂಡೇ ಅಳತೆ ತೆಗೆಯಬೇಕು.